ಕಿಲ್ಟ್ ಅಲ್ಲ, ಅಜ್ಜನ ಕುಪ್ಯ

ಅಂಧೇರಿಯ ಆಫೀಸಿನ ಎಥ್ನಿಕ್ ಡೇಗೆ ಅಜ್ಜನ ಕುಪ್ಯ ತೊಟ್ಟು ಹೋಗಿದ್ದೆ. ಪೀಚೆಕತ್ತಿ ಗೇಟಿನಲ್ಲೇ ಉಳಿಯಿತು. ಇದೇನು ಸ್ಕಾಟ್ಲೆಂಡಿನ ಕಿಲ್ಟಾ ಎಂದು ಟೀಮಿನವನೊಬ್ಬ ನಕ್ಕ. ಅವನಿಗೆ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಕಥೆ ಹೇಳಿದೆ.

1906ರಲ್ಲಿ ಹುಟ್ಟಿದ ಅವರು ಸ್ಯಾಂಡ್‌ಹರ್ಸ್ಟ್ ಮುಗಿಸಿ 1926ರಲ್ಲಿ ಅಧಿಕಾರಿಯಾದಾಗ ಮೊದಲು ಇದ್ದದ್ದು ಸ್ಕಾಟಿಷ್ ಪಡೆಯಲ್ಲಿ, ಬೆಂಗಳೂರಿನ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ. ತಮಾಷೆಯೆಂದರೆ, ಉಳಿದ ಹೈಲ್ಯಾಂಡ್ ಪಡೆಗಳು ಕಿಲ್ಟ್ ತೊಡುತ್ತಿದ್ದರೆ ಇವರದ್ದು ಚೌಕಳಿ ಪ್ಯಾಂಟು! ಆ ಪಡೆಗೆ ಕಿಲ್ಟ್ ಸಿಕ್ಕಿದ್ದು 1947ರಲ್ಲಿ. ಅಷ್ಟರಲ್ಲಿ ತಿಮ್ಮಯ್ಯ ಹೈದರಾಬಾದ್ ರೆಜಿಮೆಂಟ್ ಸೇರಿ, ಬರ್ಮಾದ ಯುದ್ಧದಲ್ಲಿ ಬ್ರಿಗೇಡ್ ಮುನ್ನಡೆಸಿದ್ದರು. 1948ರ ನವೆಂಬರಿನಲ್ಲಿ ಹನ್ನೊಂದು ಸಾವಿರ ಅಡಿ ಎತ್ತರದ ಜೋಜಿ ಲಾಗೆ ಟ್ಯಾಂಕ್ ಹತ್ತಿಸಿದರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. 1965ರ ಡಿಸೆಂಬರಿನಲ್ಲಿ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ ತೀರಿಕೊಂಡರು.

ಕೇಳಿದವನು ನಗಲಿಲ್ಲ. ಕುಪ್ಯದ ಅಂಚು ಮುಟ್ಟಿ, ಹೊಲಿಗೆ ನೋಡಿದ.