ಮಾರಿಯಸನೂ ಈಟಿಯ ಮೊಳೆಯೂ

ರೋಮಿನ ಪ್ರಖ್ಯಾತ ದಂಡನಾಯಕನಾದ ಗೇಯಸ್ ಮಾರಿಯಸನು ಕ್ರಿ. ಪೂ. 157ರ ಸುಮಾರಿಗೆ ಅರ್ಪಿನಂ ಊರಿನ ಸಮೀಪದಲ್ಲಿ ಜನಿಸಿದನು. ಅವನ ಮನೆತನದಲ್ಲಿ ಅದುವರೆಗೆ ಯಾರೂ ಕಾನ್ಸಲ್ ಪದವಿಗೆ ಏರಿರಲಿಲ್ಲ. ಕ್ರಿ. ಪೂ. 107ರಲ್ಲಿ ಆ ಪದವಿಯನ್ನು ಪಡೆದ ಅವನು ಆಸ್ತಿಯಿಲ್ಲದ ಬಡವರನ್ನೂ ಸೈನ್ಯಕ್ಕೆ ಸೇರಿಸಿಕೊಂಡನು.

ಆ ಕಾಲದಲ್ಲಿ ಉತ್ತರದ ಸಿಂಬ್ರಿ ಮತ್ತು ಟ್ಯೂಟನ್ ಜನಾಂಗಗಳು ದಂಡೆತ್ತಿ ಬಂದುವು. ಕ್ರಿ. ಪೂ. 105ರಲ್ಲಿ ರೋಮಿನ ಎರಡು ಸೈನ್ಯಗಳು ಅರೌಸಿಯೋ ಬಳಿ ನಾಶವಾದುವು. ಭೀತರಾದ ರೋಮನರು ಮಾರಿಯಸನನ್ನೇ ವರ್ಷವರ್ಷವೂ ಕಾನ್ಸಲನನ್ನಾಗಿ ಆರಿಸಿದರು. ಕ್ರಿ. ಪೂ. 102ರಲ್ಲಿ ಅವನು ಟ್ಯೂಟನರನ್ನು ಸೋಲಿಸಿದನು.

ರೋಮನರು ಎಸೆಯುತ್ತಿದ್ದ ಈಟಿಗೆ ಪೀಲಂ ಎಂದು ಹೆಸರು. ಅದರ ನೀಳವಾದ ಕಬ್ಬಿಣದ ಅಲಗನ್ನು ಮರದ ಕಾವಿಗೆ ಎರಡು ಕಬ್ಬಿಣದ ಮೊಳೆಗಳಿಂದ ಬಿಗಿಯುತ್ತಿದ್ದರು. ಸಿಂಬ್ರಿಗಳೊಡನೆ ಕಾದುವ ಮುನ್ನ ಮಾರಿಯಸನು ಒಂದು ಮೊಳೆಯ ಬದಲು ಮರದ ಗೂಟವನ್ನು ಹಾಕಿಸಿದನೆಂದು ಪ್ಲೂಟಾರ್ಕನು ಬರೆದಿದ್ದಾನೆ. ಈಟಿಯು ಗುರಾಣಿಗೆ ನಾಟಿದೊಡನೆ ಗೂಟ ಮುರಿದು ಕಾವು ಜೋತುಬೀಳುವುದು; ಶತ್ರುವಿಗೆ ಗುರಾಣಿಯೇ ಭಾರವಾಗುವುದು. ಕ್ರಿ. ಪೂ. 101ರಲ್ಲಿ ವರ್ಸೆಲೆಯ ಬಯಲಿನಲ್ಲಿ ಸಿಂಬ್ರಿಗಳು ಸಂಪೂರ್ಣವಾಗಿ ಪರಾಭವಗೊಂಡರು.

ಆದರೆ ವೃದ್ಧಾಪ್ಯದಲ್ಲಿ ಅಧಿಕಾರದಾಹವು ಅವನನ್ನು ಕೆಡಿಸಿತು. ಸುಲ್ಲನೊಡನೆ ಕಲಹವಾಗಿ ಓಡಿಹೋಗಿದ್ದವನು ಕ್ರಿ. ಪೂ. 87ರಲ್ಲಿ ಮರಳಿ ಬಂದು, ರೋಮಿನಲ್ಲಿ ತನ್ನ ವಿರೋಧಿಗಳನ್ನು ಕೊಲ್ಲಿಸಿದನು. ಮರುವರ್ಷ ಏಳನೆಯ ಬಾರಿ ಕಾನ್ಸಲನಾಗಿ ಕೆಲವೇ ದಿನಗಳಲ್ಲಿ ಮಡಿದನು.

ವಿದ್ಯಾರ್ಥಿಗಳೇ, ಈಟಿಯ ಮೊಳೆಯನ್ನೂ ಬಿಡದೆ ಪರೀಕ್ಷಿಸಿದ ಆ ಕಣ್ಣು ತನ್ನ ಮನಸ್ಸಿನ ದೋಷವನ್ನು ಮಾತ್ರ ಕಾಣದೆ ಹೋಯಿತು.