ವೈದ್ಯ ಭಗಿನಿ ಮೇರಿ ಗ್ಲೌರಿ: ದಾದಿಯರಿಗೆ ದಾರಿ ತೋರಿದ ಬಾಳು

ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯವನ್ನೂ ಅಲ್ಲಿ ತರಬೇತಿ ಹೊಂದಿ ನಾಡಿನ ಮೂಲೆ ಮೂಲೆಗಳಲ್ಲಿ ಸೇವೆಗೈಯುತ್ತಿರುವ ದಾದಿಯರನ್ನೂ ನಮ್ಮಲ್ಲಿ ಅನೇಕರು ಬಲ್ಲರು. ಅಂತಹ ಒಂದು ವಿದ್ಯಾಲಯಕ್ಕಾಗಿ ಹಂಬಲಿಸಿ, ಅದು ಕಟ್ಟಲ್ಪಡುವುದನ್ನು ಕಾಣದೆಯೇ ಅದೇ ಬೆಂಗಳೂರಿನಲ್ಲಿ ಕಣ್ಮುಚ್ಚಿದ ಸಿಸ್ಟರ್ ಡಾಕ್ಟರ್ ಮೇರಿ ಗ್ಲೌರಿಯವರ ಹೆಸರು ಭಾರತ ಧರ್ಮಸಭೆಯಲ್ಲಿ ಚಿರಸ್ಥಾಯಿಯಾದುದು. ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅವರ ಬಾಳನ್ನು ಸ್ಮರಿಸುವುದು ಉಚಿತವೇ ಆಗಿದೆ.

ಮೇರಿಯವರು 1887ರ ಜೂನ್ 23ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಬಿರೆಗರ‍್ರ ಎಂಬ ಊರಿನಲ್ಲಿ, ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಅವರು ಮೂರನೆಯವರು. ವಿದ್ಯಾರ್ಥಿವೇತನ ಗಳಿಸಿ ಮೆಲ್ಬರ್ನ್ ಸೇರಿ, ಮೊದಲು ಕಲಾ ವಿಭಾಗದಲ್ಲಿ ಓದಿ, ಬಳಿಕ ವೈದ್ಯಶಾಸ್ತ್ರದತ್ತ ತಿರುಗಿದರು. ಸ್ತ್ರೀಯರು ವೈದ್ಯರಾಗುವುದು ಅಪರೂಪವಾಗಿದ್ದ ಆ ದಿನಗಳಲ್ಲಿ, 1910ರಲ್ಲಿ, ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದರು. ನಗರದಲ್ಲಿ ಅವರ ವೃತ್ತಿ ಚೆನ್ನಾಗಿ ನಡೆಯಿತು. 1916ರಲ್ಲಿ ಕಥೋಲಿಕ ಸ್ತ್ರೀಯರ ಸಮಾಜ ಸೇವಾ ಸಂಘವು ಹುಟ್ಟಿದಾಗ ಅದರ ಪ್ರಥಮ ಅಧ್ಯಕ್ಷೆಯಾದವರೂ ಅವರೇ. ಕೀರ್ತಿ, ವರಮಾನ, ಗೌರವ ಎಲ್ಲವೂ ಕೈಗೆಟುಕಿದ್ದವು.

ಆದರೆ ದೇವರ ಕರೆ ಒಂದು ಕಿರುಹೊತ್ತಗೆಯ ರೂಪದಲ್ಲಿ ಬಂದಿತ್ತು. 1915ರಲ್ಲಿ ಅವರು ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಎಂಬವರ ಜೀವನವನ್ನು ಓದಿದರು. ಪರಪುರುಷನಾದ ವೈದ್ಯನ ಮುಂದೆ ಬರಲಾರದೆ, ಸರಿಯಾದ ಆರೈಕೆಯಿಲ್ಲದೆ ಭಾರತದ ಅಸಂಖ್ಯಾತ ತಾಯಂದಿರೂ ಶಿಶುಗಳೂ ಸಾಯುತ್ತಿರುವುದನ್ನು ಕಂಡು ಆ ವೃದ್ಧೆಯು ರಾವಲ್ಪಿಂಡಿಯಲ್ಲಿ ಆಸ್ಪತ್ರೆಯೊಂದನ್ನು ಸ್ಥಾಪಿಸಲು ಕಾರಣರಾಗಿದ್ದರು. ಅದನ್ನೋದಿದ ಮೇರಿಯವರಿಗೆ ತಮ್ಮ ಬಾಳಿನ ದಾರಿ ನಿಚ್ಚಳವಾಯಿತು. ಆದರೂ ಅವರು ಆತುರಪಡಲಿಲ್ಲ. ಪ್ರಸೂತಿ, ಸ್ತ್ರೀರೋಗ ಹಾಗೂ ನೇತ್ರ ಚಿಕಿತ್ಸೆಗಳಲ್ಲಿ ಹೆಚ್ಚಿನ ವಿದ್ಯೆ ಸಂಪಾದಿಸಿ, 1919ರಲ್ಲಿ ಉನ್ನತ ವೈದ್ಯಪದವಿ ಪಡೆದರು. 1920ರ ಜನವರಿಯಲ್ಲಿ ಹಡಗನ್ನೇರಿ ಮುಂದಿನ ತಿಂಗಳು ಆಂಧ್ರದ ಗುಂಟೂರನ್ನು ತಲುಪಿದರು. ಹುಟ್ಟೂರನ್ನು ಅವರು ಮತ್ತೆಂದೂ ಕಾಣಲಿಲ್ಲ.

ಗುಂಟೂರಿನಲ್ಲಿ ಹಾಲೆಂಡ್ ಮೂಲದ ಯೇಸು ಮೇರಿ ಜೋಸೆಫರ ಸಭೆಯ ಕನ್ಯಾಸ್ತ್ರೀಯರು ಸೇವೆಯಲ್ಲಿ ತೊಡಗಿದ್ದರು. ಮೇರಿಯವರು ಆ ಸಭೆಯನ್ನು ಸೇರಿ ಪವಿತ್ರ ಹೃದಯದ ಸಿಸ್ಟರ್ ಮೇರಿ ಎಂಬ ನಾಮವನ್ನು ಧರಿಸಿದರು. ಇಲ್ಲೊಂದು ದೊಡ್ಡ ಅಡಚಣೆಯಿತ್ತು. ವ್ರತಧಾರಿಗಳಾದ ಕನ್ಯಾಸ್ತ್ರೀಯರು ವೈದ್ಯ ವೃತ್ತಿಯನ್ನು ಕೈಗೊಳ್ಳಲು ಅಂದಿನ ಧರ್ಮಸಭೆಯ ಕಟ್ಟಳೆಗಳು ಅವಕಾಶ ಕೊಡುತ್ತಿರಲಿಲ್ಲ. ವ್ರತವನ್ನು ಸ್ವೀಕರಿಸಿದರೆ ವೈದ್ಯವನ್ನು ತೊರೆಯಬೇಕು. ವೈದ್ಯವನ್ನು ಹಿಡಿದರೆ ವ್ರತಕ್ಕೆ ಎಡೆಯಿಲ್ಲ. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ವಿಶೇಷ ಅಪ್ಪಣೆಯನ್ನು ದಯಪಾಲಿಸಿದ್ದರಿಂದ ಈ ತೊಡಕು ಬಿಡಿಸಲ್ಪಟ್ಟಿತು. ಹೀಗೆ ಕನ್ಯಾಸ್ತ್ರೀಯಾಗಿಯೂ ವೈದ್ಯೆಯಾಗಿಯೂ ಸೇವೆಗೈಯುವ ಭಾಗ್ಯ ಅವರದಾಯಿತು. ಇಂತಹ ಸೇವೆಯ ಬಾಗಿಲು ಎಲ್ಲ ಸಭೆಗಳ ಕನ್ಯಾಸ್ತ್ರೀಯರಿಗೂ ತೆರೆದದ್ದು 1936ರಲ್ಲಿ. ಆ ವರ್ಷ ರೋಮಿನಿಂದ ಬಂದ ಆದೇಶವು ಮಿಶನ್ ನಾಡುಗಳ ಕನ್ಯಾಸ್ತ್ರೀಯರು ವೈದ್ಯ, ಶುಶ್ರೂಷೆ ಹಾಗೂ ಪ್ರಸೂತಿ ವಿದ್ಯೆಗಳನ್ನು ಕಲಿಯುವಂತೆ ಪ್ರೋತ್ಸಾಹಿಸಿತು.

ಗುಂಟೂರಿನ ಕೆಲಸ ಚಿಕ್ಕ ಔಷಧಾಲಯವೊಂದರಿಂದ ಆರಂಭವಾಗಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ರೋಗಿಗಳ ಸಾಲು ಮುಗಿಯುತ್ತಿರಲಿಲ್ಲ. ಹಳ್ಳಿಗಳಿಂದ ಕರೆ ಬಂದರೆ ಅಲ್ಲಿಗೂ ಹೋಗಬೇಕಿತ್ತು. ಅಗ್ಗದ ಔಷಧಿ ಬಡವರಿಗೆ ಸಿಗಲೆಂದು ನಾಡಿನ ಗಿಡಮೂಲಿಕೆಗಳ ಗುಣಗಳನ್ನೂ ಅವರು ಅಭ್ಯಾಸ ಮಾಡಿದರು. ಆದರೆ ಒಬ್ಬ ವೈದ್ಯೆಯ ಎರಡು ಕೈಗಳು ಎಷ್ಟು ಜನರನ್ನು ಮುಟ್ಟಬಲ್ಲವು? ತಾವಿಲ್ಲದಾಗ ಈ ತಾಯಂದಿರ ಗತಿಯೇನು? ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ತರಬೇತಿ. ಸ್ಥಳೀಯ ಸ್ತ್ರೀಯರನ್ನು ಆರಿಸಿ ಅವರನ್ನು ದಾದಿಯರನ್ನಾಗಿಯೂ ಸೂಲಗಿತ್ತಿಯರನ್ನಾಗಿಯೂ ಔಷಧಿ ಸಿದ್ಧಪಡಿಸುವವರನ್ನಾಗಿಯೂ ತಯಾರು ಮಾಡಿದರು. ರೋಗಿಯ ಮೈಮುಟ್ಟುವ ಕೆಲಸ ಕೀಳೆಂದು ಸಮಾಜವು ಭಾವಿಸುತ್ತಿದ್ದ ಕಾಲವದು. ಮಗಳನ್ನು ದಾದಿಯಾಗಲು ಕಳುಹಿಸುವುದಕ್ಕೆ ಹೆತ್ತವರು ಹಿಂಜರಿಯುತ್ತಿದ್ದರು. ತಾವೇ ರೋಗಿಯ ಹಾಸಿಗೆಯ ಬಳಿ ನಿಂತು ದುಡಿಯುತ್ತ, ಆ ಕೆಲಸಕ್ಕಿರುವ ಘನತೆಯನ್ನು ಈ ಭಗಿನಿಯು ತೋರಿಸಿಕೊಟ್ಟರು.

ಆಸ್ಪತ್ರೆಗಳು ಬೇರೆ ಬೇರೆಯಾಗಿದ್ದರೆ ಬಲವಿಲ್ಲವೆಂಬುದನ್ನೂ ಅವರು ಅರಿತಿದ್ದರು. 1943ರಲ್ಲಿ ಗುಂಟೂರಿನಲ್ಲಿ ಕೆಲವೇ ಮಂದಿ ಕನ್ಯಾಸ್ತ್ರೀಯರು ಕೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದಾಗ ಅದರ ಮುಂದಾಳುತನ ವಹಿಸಿದವರು ಇವರೇ. ಗರ್ಭಧಾರಣೆಯಿಂದ ಸಹಜ ಮರಣದವರೆಗೂ ಮನುಷ್ಯ ಜೀವ ಪವಿತ್ರವೆಂಬ ಬೋಧನೆಗೆ ಅನುಗುಣವಾಗಿ ವೈದ್ಯರನ್ನೂ ದಾದಿಯರನ್ನೂ ರೂಪಿಸುವ ಕಥೋಲಿಕ ವೈದ್ಯಕೀಯ ವಿದ್ಯಾಲಯವೊಂದು ಭಾರತದಲ್ಲಿರಬೇಕೆಂಬುದು ಅವರ ಆಳವಾದ ಬಯಕೆಯಾಗಿತ್ತು.

ಕೊನೆಯ ವರ್ಷಗಳಲ್ಲಿ ಅವರು ಕ್ಯಾನ್ಸರ್ ರೋಗಕ್ಕೆ ತುತ್ತಾದರು. ಅಷ್ಟು ಜನರ ನೋವನ್ನು ಶಮನಗೊಳಿಸಿದ ಆಕೆ ತಮ್ಮ ನೋವನ್ನು ದೇವರಿಗೆ ಒಪ್ಪಿಸಿ ಸಹಿಸಿದರು. 1957ರ ಮೇ 5ರಂದು ಬೆಂಗಳೂರಿನಲ್ಲಿ ದೈವಾಧೀನರಾದರು. ಆರು ವರ್ಷಗಳ ತರುವಾಯ, 1963ರಲ್ಲಿ, ಭಾರತದ ಕಥೋಲಿಕ ಧರ್ಮಾಧ್ಯಕ್ಷರು ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯವನ್ನು ಅದೇ ನಗರದಲ್ಲಿ ತೆರೆದರು. ಕಾಲಾನಂತರ ಅಲ್ಲಿ ದಾದಿಯರ ಶಿಕ್ಷಣವೂ ನೆಲೆಗೊಂಡಿತು. 2013ರಲ್ಲಿ ಧರ್ಮಸಭೆಯು ಸಿಸ್ಟರ್ ಮೇರಿಯವರನ್ನು ದೇವರ ಸೇವಕಿಯೆಂದು ಸಾರಿತು.

ಪ್ರಿಯ ಕ್ರೈಸ್ತ ಬಾಂಧವರೇ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡು ಘಟ್ಟಗಳ ನಡುವೆ ಬಾಳುವ ನಮಗೆ, ಮಳೆಗಾಲದ ರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡರೆ ಆಸ್ಪತ್ರೆ ಎಷ್ಟು ದೂರವೆಂಬುದು ಗೊತ್ತು. ಅಂತಹ ಹೊತ್ತಿನಲ್ಲಿ ಬಾಗಿಲಲ್ಲಿ ನಿಲ್ಲುವ ದಾದಿಯ ಬೆಲೆಯೂ ಗೊತ್ತು. ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯಲು ದೂರದ ಊರಿಗೆ ಹೊರಟಾಗ, ಸಂಬಳವೆಷ್ಟು, ವಿದೇಶ ಯಾವಾಗ ಎಂದಷ್ಟೇ ಕೇಳಿ ಸುಮ್ಮನಾಗದಿರೋಣ. ಅವರು ಕೈಗೊಂಡಿರುವುದು ಸ್ವಾಮಿಯ ಗಾಯಗಳನ್ನು ತೊಳೆಯುವ ಕಾಯಕವೆಂದು ತಿಳಿಸಿ, ಹರಸಿ ಕಳುಹಿಸೋಣ. ರಾತ್ರಿ ಪಾಳಿಯಲ್ಲಿ ಎಚ್ಚರವಿರುವ ಪ್ರತಿಯೊಬ್ಬ ದಾದಿಗಾಗಿ ನಮ್ಮ ಮನೆಗಳ ಜಪಮಾಲೆಯಲ್ಲಿ ಒಂದು ನಮೋ ಮರಿಯ ಪ್ರಾರ್ಥನೆಯಾದರೂ ಸಲ್ಲಲಿ.