ಪಾಳುಮನೆಗಳನ್ನು ಪ್ರಾರ್ಥನಾಲಯಗಳಾಗಿಸಿದ ಆವಿಲಾದ ಸಂತ ತೆರೇಸಮ್ಮನವರು

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮೆಲ್ಲರ ದೃಷ್ಟಿಯು ದೇವಾಲಯದ ಗೋಡೆ, ಕಂಬ, ಛಾವಣಿಗಳತ್ತ ಹರಿಯುವುದು ಸಹಜವೇ ಆಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲುಸೀಮೆಯವರಾದ ನಮಗೆ ಹಳೆಯ ಮನೆಯ ಕಷ್ಟಸುಖಗಳು ಹೊಸವಲ್ಲ. ಮುಂಗಾರಿಗೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸದಿದ್ದರೆ ಮನೆ ಸೋರುವುದನ್ನೂ, ಗೆದ್ದಲು ಹತ್ತಿದ ಒಂದೇ ತೊಲೆಯಿಂದ ಇಡೀ ಅಂಕಣವೇ ಕುಸಿಯುವುದನ್ನೂ ನಾವು ಬಲ್ಲೆವು. ಆದುದರಿಂದ, ಬಿದ್ದ ಮನೆಗಳನ್ನು ದುರಸ್ತಿ ಮಾಡಿಸಿ ಅವುಗಳಲ್ಲಿ ಪ್ರಾರ್ಥನೆಯ ದೀಪವನ್ನು ಬೆಳಗಿಸಿದ ಮಹಾತಾಯಿಯೊಬ್ಬರ ಚರಿತ್ರೆಯನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ತೆರೇಸಮ್ಮನವರು 1515ನೆಯ ಇಸವಿ ಮಾರ್ಚ್ 28ರಂದು ಸ್ಪೇನ್ ದೇಶದ ಆವಿಲಾ ನಗರದಲ್ಲಿ ಜನಿಸಿದರು. ತಂದೆ ಅಲೊನ್ಸೊ, ತಾಯಿ ಬೆಯಾತ್ರಿಸ್. ಬಾಲ್ಯದಲ್ಲಿ ಅಣ್ಣ ರೊದ್ರಿಗೊನೊಡನೆ ಮನೆಯ ತೋಟದಲ್ಲಿ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ತಪಸ್ವಿಗಳ ಕುಟೀರ ಕಟ್ಟುವುದು ಅವರ ಆಟವಾಗಿತ್ತು. ಕಟ್ಟಿದ ಕಲ್ಲುಗಳು ಆಗಲೇ ಉರುಳಿಬೀಳುತ್ತಿದ್ದವು. ಹದಿಹರೆಯಕ್ಕೆ ಕಾಲಿಡುವಷ್ಟರಲ್ಲಿ ತಾಯಿಯನ್ನು ಕಳೆದುಕೊಂಡ ಅವರು, 1535ರಲ್ಲಿ ಆವಿಲಾದ ಕಾರ್ಮೆಲ್ ಕನ್ಯಾಮಠವನ್ನು ಸೇರಿದರು. ಕೆಲವು ವರ್ಷಗಳಲ್ಲಿಯೇ ಘೋರವಾದ ಕಾಯಿಲೆ ಬಂದು, ನಾಲ್ಕು ದಿನಗಳ ಕಾಲ ಸತ್ತವರಂತೆ ಮಲಗಿದ್ದರು. ಕೈಕಾಲುಗಳು ಸ್ವಾಧೀನಕ್ಕೆ ಬರಲು ಮೂರು ವರ್ಷಗಳೇ ಹಿಡಿದವು. ತಮಗೆ ಆರೋಗ್ಯ ಮರಳಿದ್ದು ಸಂತ ಜೋಸೆಫರ ಬಿನ್ನಹದಿಂದ ಎಂಬುದು ಅವರ ದೃಢ ನಂಬಿಕೆಯಾಗಿತ್ತು. ನೂರಕ್ಕೂ ಮಿಕ್ಕಿ ಕನ್ಯಾಸ್ತ್ರೀಯರು ತುಂಬಿದ್ದ ಆ ದೊಡ್ಡ ಮಠದ ಗದ್ದಲದಲ್ಲಿ ಏಕಾಂತ ದೊರೆಯದೆ, ಕೆಲವರೇ ಕೂಡಿ ಬಡತನದಲ್ಲಿಯೂ ಪ್ರಾರ್ಥನೆಯಲ್ಲಿಯೂ ಬಾಳುವ ಚಿಕ್ಕ ಮನೆಯೊಂದನ್ನು ಅವರು ಬಯಸಿದರು.

ಆವಿಲಾದಲ್ಲಿಯೇ ಒಂದು ಹಳೆಯ ಮನೆ ದೊರೆಯಿತು. ವಿರೋಧಿಗಳಿಗೆ ಸುಳಿವು ಸಿಗಬಾರದೆಂದು ಅದನ್ನು ತಂಗಿ ಹುವಾನಾ ಮತ್ತು ಆಕೆಯ ಪತಿಯ ಹೆಸರಿನಲ್ಲಿ ಕೊಂಡು, ಅವರ ಸಂಸಾರಕ್ಕೆಂಬಂತೆ ಕೆಲಸ ನಡೆಸಲಾಯಿತು. ಕೈಯಲ್ಲಿ ಕಾಸಿಲ್ಲದಿದ್ದರೂ ಸಂತ ಜೋಸೆಫರನ್ನು ನಂಬಿ ತೆರೇಸಮ್ಮನವರು ಕೆಲಸಗಾರರನ್ನು ಗೊತ್ತುಮಾಡಿದರು. ಈಗಿನ ಈಕ್ವೆಡಾರ್ ದೇಶದ ಕೀಟೊ ನಗರದಲ್ಲಿದ್ದ ತಮ್ಮ ಲೊರೆಂಜೊ ಕಳುಹಿಸಿದ ಹಣ 1561ರ ಕೊನೆಯಲ್ಲಿ ಬಂದು ಮುಟ್ಟಿತು. ಕೆಲಸದ ನಡುವೆ ಹೊಸದಾಗಿ ಕಟ್ಟಿದ ಗೋಡೆಯೊಂದು ಕುಸಿದುಬಿತ್ತು. ಗಾರೆಯವರೇ ತಮ್ಮ ಖರ್ಚಿನಿಂದ ಅದನ್ನು ಮತ್ತೆ ಕಟ್ಟಿಕೊಡಬೇಕೆಂದು ತಂಗಿಯ ಪತಿ ಪಟ್ಟು ಹಿಡಿದಾಗ, ಆ ಬಡವರ ಮೇಲೆ ಹೊರೆ ಹೊರಿಸಲು ತೆರೇಸಮ್ಮನವರು ಒಪ್ಪಲಿಲ್ಲವೆಂದು ಚರಿತ್ರಕಾರರು ಬರೆದಿದ್ದಾರೆ. ದೇವರ ಮನೆಯ ಗೋಡೆ ಕೂಲಿಕಾರನ ಕಣ್ಣೀರಿನ ಮೇಲೆ ನಿಲ್ಲಬಾರದೆಂಬ ಈ ನ್ಯಾಯವನ್ನು ನಾವು ವಿಶೇಷವಾಗಿ ಗಮನಿಸಬೇಕು. 1562ರ ಆಗಸ್ಟ್ 24ರಂದು ಸಂತ ಜೋಸೆಫರ ಹೆಸರಿನಲ್ಲಿ ಆ ಪುಟ್ಟ ಮಠ ಆರಂಭವಾಯಿತು. ನಿಶ್ಚಿತ ವರಮಾನವಿಲ್ಲದ ಮಠವು ಊರಿಗೆ ಭಾರವಾಗುವುದೆಂದು ನಗರದ ಮುಖಂಡರು ಎದ್ದುನಿಂತರು, ವ್ಯಾಜ್ಯವೂ ನಡೆಯಿತು. ಆದರೆ ಆ ಮನೆ ಉಳಿಯಿತು.

ಐದು ವರ್ಷಗಳ ತರುವಾಯ ಮೆದಿನಾ ದೆಲ್ ಕಾಂಪೊ ಎಂಬ ಸಂತೆಯ ಪಟ್ಟಣದಲ್ಲಿ ನಡೆದ ಸಂಗತಿ ಇನ್ನೂ ರೋಚಕವಾದುದು. 1567ರ ಆಗಸ್ಟ್ 14ರ ನಡುರಾತ್ರಿ ಕನ್ಯಾಸ್ತ್ರೀಯರೊಡನೆ ಅವರು ಕಾಲ್ನಡಿಗೆಯಲ್ಲಿ ಊರನ್ನು ಹೊಕ್ಕರು. ಮರುದಿನದ ಆಟಕ್ಕಾಗಿ ಹೋರಿಗಳನ್ನು ಅಟ್ಟಿ ತರುತ್ತಿದ್ದ ಸಮಯವದು. ಮನೆಯ ತಲೆಬಾಗಿಲ ಪಡಸಾಲೆಯ ತುಂಬ ಮಣ್ಣು. ಗೋಡೆಗಳಿಗೆ ಗಿಲಾವು ಇರಲಿಲ್ಲ. ಕೆಲವರು ಮಣ್ಣು ಹೊತ್ತರು, ಕೆಲವರು ನೆಲ ಗುಡಿಸಿದರು. ಮನೆಯೊಡತಿಯ ಕಡೆಯಿಂದ ದೊರೆತ ಚಿತ್ರದ ಪರದೆಗಳನ್ನು ತೂಗುಹಾಕಲು ಮೊಳೆಗಳಿರಲಿಲ್ಲ, ಅಂಗಡಿಗಳು ಮುಚ್ಚಿದ್ದವು. ಹಳೆಯ ಗೋಡೆಗಳಲ್ಲಿ ಉಳಿದಿದ್ದ ಮೊಳೆಗಳನ್ನೇ ಹುಡುಕಿ ಕಿತ್ತರು. ಬೆಳಗಾಗುವಷ್ಟರಲ್ಲಿ ಪೀಠ ಸಿದ್ಧವಾಗಿ, ಗಂಟೆ ಮೊಳಗಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು ದಿವ್ಯ ಬಲಿಪೂಜೆ ನೆರವೇರಿತು.

ಆದರೆ ಹಗಲಿನ ಬೆಳಕಿನಲ್ಲಿ ನೋಡಿದಾಗ ಗೋಡೆಗಳು ಅಲ್ಲಲ್ಲಿ ನೆಲಸಮವಾಗಿದ್ದವು. ಪರಮಪ್ರಸಾದವನ್ನು ಬೀದಿಯ ಅಂಚಿನಲ್ಲಿ ಇರಿಸಿದಂತಾಯಿತಲ್ಲಾ ಎಂದು ಅವರ ಹೃದಯ ತಲ್ಲಣಿಸಿತು. ಕಾವಲಿಗೆ ಆಳುಗಳನ್ನು ನೇಮಿಸಿದರೂ, ಅವರು ನಿದ್ದೆಹೋದಾರೆಂಬ ಅಂಜಿಕೆಯಿಂದ ರಾತ್ರಿ ತಾವೇ ಎದ್ದು ಬೆಳದಿಂಗಳಲ್ಲಿ ಕಿಟಕಿಯಿಂದ ನೋಡುತ್ತಿದ್ದರು. ಕೊನೆಗೆ ವರ್ತಕನೊಬ್ಬನು, ದುರಸ್ತಿ ಮುಗಿಯುವವರೆಗೆ ಇರಲೆಂದು, ತನ್ನ ಮನೆಯ ಮಹಡಿಯನ್ನು ಬಿಟ್ಟುಕೊಟ್ಟನು.

ಮೆದಿನಾದಲ್ಲಿಯೇ ಅವರಿಗೆ ಶಿಲುಬೆಯ ಸಂತ ಯೊವಾನ್ನರ ಪರಿಚಯವಾಯಿತು. ಮರುವರ್ಷ ದುರುಯೆಲೊ ಎಂಬ ಕುಗ್ರಾಮದಲ್ಲಿ ದಾನವಾಗಿ ದೊರೆತ ರೈತಮನೆಯೊಂದನ್ನು ತೆರೇಸಮ್ಮನವರು ನೋಡಿದರು. ಇದ್ದುದು ಒಂದು ಪಡಸಾಲೆ, ಅಟ್ಟವಿದ್ದ ಒಂದು ಕೋಣೆ, ಸಣ್ಣ ಅಡಿಗೆಮನೆ. ಅಲ್ಲಿ ಬಾಳುವುದು ಅಸಾಧ್ಯವೆಂದು ಜೊತೆಯವರಿಗೆ ತೋರಿತು. ಆದರೆ ತೆರೇಸಮ್ಮನವರು ಪಡಸಾಲೆಯನ್ನು ದೇವಾಲಯವಾಗಿಯೂ ಅಟ್ಟವನ್ನು ಜಪದ ಸ್ಥಳವಾಗಿಯೂ ಮನಸ್ಸಿನಲ್ಲಿ ರೂಪಿಸಿಕೊಂಡರು. 1568ರ ನವೆಂಬರ್ 28ರಂದು ಸುಧಾರಿತ ಕಾರ್ಮೆಲ್ ಸಭೆಯ ಗುರುಗಳ ಮೊದಲ ಮಠ ಅಲ್ಲಿ ಆರಂಭವಾಯಿತು. ಚಳಿಗಾಲದಲ್ಲಿ ಅಟ್ಟದೊಳಕ್ಕೆ ಬಿದ್ದ ಹಿಮವು ಪ್ರಾರ್ಥನೆಯಲ್ಲಿ ಮೈಮರೆತವರ ನಿಲುವಂಗಿಗಳ ಮೇಲೆ ಕೂತಿದ್ದರೂ ಅವರಿಗೆ ಅದರ ಅರಿವಿರುತ್ತಿರಲಿಲ್ಲವಂತೆ.

ಸೆವಿಲ್ ನಗರದಲ್ಲಿ ಮನೆ ಕೊಳ್ಳುವಾಗ ಕ್ರಯದ ತೆರಿಗೆಯ ಬಗ್ಗೆ ಕಾಗದಪತ್ರದಲ್ಲಿ ತಪ್ಪು ನುಸುಳಿತು. ಜಾಮೀನು ನಿಂತಿದ್ದ ಲೊರೆಂಜೊ ಸೆರೆಮನೆಗೆ ಹೆದರಿ ಮಠವೊಂದರಲ್ಲಿ ಆಶ್ರಯ ಪಡೆಯಬೇಕಾಯಿತು. ಆ ತೊಡಕು ಹರಿದ ಮೇಲೆ ಅದೇ ತಮ್ಮನು ಕೆಲಸಗಾರರ ಮೇಲ್ವಿಚಾರಣೆ ನೋಡಿಕೊಂಡನು. 1576ರ ಜೂನ್ 3ರಂದು ಮಹಾಧರ್ಮಾಧ್ಯಕ್ಷರು ಮೆರವಣಿಗೆಯಲ್ಲಿ ಪರಮಪ್ರಸಾದವನ್ನು ಅಲ್ಲಿಗೆ ತಂದರು. ಇಷ್ಟು ಕಷ್ಟಪಟ್ಟು ಸಿದ್ಧಪಡಿಸಿದ ಆ ಮನೆಯಲ್ಲಿ ತೆರೇಸಮ್ಮನವರು ನೆಲೆಸಲಿಲ್ಲ. ಮರುದಿನವೇ ಊರನ್ನು ಬಿಟ್ಟು ಹೊರಟರು. ಇತರರು ಪ್ರಾರ್ಥಿಸಲೆಂದು ಮನೆಯನ್ನು ಅಣಿಗೊಳಿಸುವುದೇ ಅವರ ಪಾಲಿನ ಸೇವೆಯಾಗಿತ್ತು.

1577ರಲ್ಲಿ ಅವರು ಬರೆದ ಶ್ರೇಷ್ಠ ಗ್ರಂಥದಲ್ಲಿ ಮಾನವನ ಆತ್ಮವನ್ನು ಏಳು ನಿವಾಸಗಳುಳ್ಳ ಕೋಟೆಗೆ ಹೋಲಿಸಿರುವುದು ಅರ್ಥಪೂರ್ಣವಾಗಿದೆ. ಅವರ ಜೀವಿತಕಾಲದಲ್ಲಿ 17 ಕನ್ಯಾಮಠಗಳು ಸ್ಥಾಪನೆಯಾದವು. 1582ರ ಅಕ್ಟೋಬರ್ 4ರಂದು ಆಲ್ಬಾ ದೆ ತೋರ್ಮೆಸ್‌ನಲ್ಲಿ ಅವರು ದೈವಾಧೀನರಾದರು. 1622ರ ಮಾರ್ಚ್ 12ರಂದು, ನಮಗೆಲ್ಲ ಪ್ರಿಯರಾದ ಸಂತ ಫ್ರಾನ್ಸಿಸ್ ಜೇವಿಯರರೊಡನೆ ಒಂದೇ ದಿನ ಸಂತ ಪದವಿಗೇರಿದರು. 1970ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಸ್ತ್ರೀಯರಲ್ಲಿ ಆ ಗೌರವ ಮೊದಲು ಸಂದದ್ದು ಅವರಿಗೇ. ನಮ್ಮ ಕರ್ನಾಟಕದ ಮಂಗಳೂರಿನಲ್ಲಿಯೂ 1870ರಲ್ಲಿ ಅವರ ಆಧ್ಯಾತ್ಮಿಕ ಪುತ್ರಿಯರು ಕಾರ್ಮೆಲ್ ಮಠವನ್ನು ಆರಂಭಿಸಿದರು.

ಪ್ರಿಯ ಭಕ್ತಾದಿಗಳೇ, ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತವರು ಇಂದು ನಮ್ಮೊಡನಿಲ್ಲ. ಮುಂದಿನ ನೂರು ವರ್ಷಗಳ ಹಬ್ಬಕ್ಕೆ ನಾವಿರುವುದಿಲ್ಲ. ನಡುವಿನ ಈ ಕಾಲದಲ್ಲಿ ಸೋರುವ ಕಡೆ ಮುಚ್ಚುವುದು, ವಾಲಿದ ಕಡೆ ಆಸರೆ ಕೊಡುವುದು, ದುಡಿದವರ ಕೂಲಿಯನ್ನು ಸಲ್ಲಿಸುವುದು ನಮ್ಮ ಪಾಲಿನ ಕೆಲಸ. ಹೊಸ ಮೊಳೆ ಸಿಗಲಿಲ್ಲವೆಂದು ಪೂಜೆಯನ್ನು ನಿಲ್ಲಿಸದೆ, ಹಳೆಯ ಗೋಡೆಯ ಮೊಳೆಯನ್ನೇ ಹುಡುಕಿ ತೆಗೆದ ಆ ತಾಯಿಯ ವಿಶ್ವಾಸವು ನಮ್ಮದೂ ಆಗಲೆಂದು ಪ್ರಾರ್ಥಿಸೋಣ.